ಎರಡು ಟಣ್ಣಿಗೆ ಬಂದದ್ದು

ನಂಬುವುದಿಲ್ಲ ಅಂದರೆ ಈಗಲೇ ಎದ್ದು ಹೋಗಿ. ಬಾಗಿಲು ಅಲ್ಲಿದೆ. ಅರ್ಧ ಕತೆ ಕೇಳಿ, ಮೀಸೆಯಡಿ ನಕ್ಕು, "ಅವತ್ತು ಎಷ್ಟು ಏರಿಸಿದ್ದೆಯೋ?" ಅಂತ ಕೇಳುವವರು ನನಗೆ ಬೇಡ. ನಾನು ಕುಡಿಯುವುದಿಲ್ಲ. ಕುಡಿಯುವವನಿಗೆ ಎಂಟಡಿ ದಿಮ್ಮಿಯನ್ನು ಒಬ್ಬನೇ ಲಾರಿಗೆ ಏರಿಸಲು ಆಗುವುದಿಲ್ಲ. ನಾನು ಏರಿಸುತ್ತೇನೆ. ಮರ ಕೊಯ್ಯುವ ಮಿಲ್ಲಿಗೆ ಹೋಗಿ ಯಾರನ್ನು ಬೇಕಾದರೂ ಕೇಳಿ. ನನ್ನನ್ನು ಕಂಡರೆ ಆಗದವರನ್ನೇ ಕೇಳಿ.

ದೆವ್ವದ ಕತೆ ಹೇಳುವವರದೆಲ್ಲ ಒಂದೇ ರಾಗ. ಅವರ ಚಿಕ್ಕಪ್ಪನ ಮಗನಿಗೆ ಆಗಿದ್ದಂತೆ, ಪಕ್ಕದ ಮನೆಯವನ ಭಾವನಿಗೆ ಆಗಿದ್ದಂತೆ. ಆ ಭಾವ ಯಾವ ಕಾಲಕ್ಕೂ ಕೈಗೆ ಸಿಗುವುದಿಲ್ಲ. ಇದು ಹಾಗಲ್ಲ. ಇದು ನನಗೇ ಆಗಿದ್ದು. ನಾನು ನಿಮ್ಮೆದುರು ಕೂತಿದ್ದೇನೆ.

ನಮ್ಮ ಮನೆ ಇರುವುದು ಕಾಡಿನಲ್ಲಿ. ಅಂಚಿನಲ್ಲಲ್ಲ, ಒಳಗೆ. ಮಿಲ್ಲಿನಿಂದ ನಡೆದರೆ ಬೇರೆಯವರಿಗೆ ಒಂದು ಗಂಟೆ, ನನಗೆ ಅರ್ಧ. ಮನೆಯಲ್ಲಿ ಮನುಷ್ಯರು ಅಂತ ಇಬ್ಬರೇ. ನನ್ನನ್ನು ಸಾಕಿದ ದೊಡ್ಡಮ್ಮ, ಮತ್ತೆ ನಾನು. ಮಿಕ್ಕವರೆಲ್ಲ ನಾಲ್ಕು ಕಾಲಿನವರು, ರೆಕ್ಕೆಯವರು. ನಾವು ಅವರ ಮನೆಯಲ್ಲಿ ಬಾಡಿಗೆಗೆ ಇದ್ದ ಹಾಗೆ. ಬೆಕ್ಕು ಒಲೆಯ ಪಕ್ಕದ ಮಣೆ ಬಿಟ್ಟು ಏಳುವುದಿಲ್ಲ, ದೊಡ್ಡಮ್ಮನೇ ನೆಲದ ಮೇಲೆ ಕೂರಬೇಕು. ಮೇಕೆಗೆ ನಾನು 'ಲಾಯರು' ಅಂತ ಹೆಸರಿಟ್ಟಿದ್ದೇನೆ. ಎಲ್ಲದಕ್ಕೂ ಎದುರು ವಾದ, ಕೊನೆಗೆ ಕಾಗದ ತಿನ್ನುವುದು.

ದೊಡ್ಡಮ್ಮ ಮಾತ್ರ ಯಾರನ್ನೂ ಹೆಸರು ಹಿಡಿದು ಕರೆಯುವವಳಲ್ಲ. ಅವಳ ಪದ್ಧತಿಯೇ ಬೇರೆ. ಸಂಜೆ ಹೊತ್ತು ಮುಳುಗುವಾಗ ಹಿತ್ತಿಲ ಮೆಟ್ಟಿಲ ಮೇಲೆ ನಿಂತು, ಹಳೇ ಹಿತ್ತಾಳೆ ತಟ್ಟೆಗೆ ಸೌಟಿನಿಂದ ಬಡಿಯುತ್ತಾಳೆ. ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ. ಒಂದು ಟಣ್ ಅಂದರೆ ಕತ್ತೆ. ಮೂರು ಅಂದರೆ ಲಾಯರು. ನಾಲ್ಕು ಬೆಕ್ಕು. ಐದಕ್ಕೆ ಬಾತುಗಳು, ಗಂಡ ಹೆಂಡತಿ ಇಬ್ಬರೂ ಜಗಳವಾಡುತ್ತ ಒಟ್ಟಿಗೇ ಬರುತ್ತವೆ. ಆರು ಅಂದರೆ ಮರಿ. ಮೂರು ತಿಂಗಳ ನಾಯಿಮರಿ. ಮಿಲ್ಲಿನ ಹೊಟ್ಟಿನ ರಾಶಿಯಲ್ಲಿ ಬಿದ್ದಿದ್ದನ್ನು ನಾನೇ ಅಂಗಿಯೊಳಗೆ ಹಾಕಿಕೊಂಡು ತಂದಿದ್ದು.

ಎರಡು ಯಾರದು ಅಂತ ಕೇಳುತ್ತೀರಿ. ಎರಡು ಯಾರದೂ ಅಲ್ಲ. ಎರಡು ಹಿರಿಯನದಾಗಿತ್ತು. ಹಿರಿಯ ಅಂದರೆ ನಮ್ಮ ಹಳೇ ನಾಯಿ, ಹದಿನಾಲ್ಕು ವರ್ಷ ಆ ಅಂಗಳ ಆಳಿದವನು. ಸತ್ತು ನಾಲ್ಕು ವರ್ಷವಾಗಿತ್ತು. ಸತ್ತವರ ಲೆಕ್ಕವನ್ನು ದೊಡ್ಡಮ್ಮ ಇನ್ನೊಬ್ಬರಿಗೆ ಕೊಡುವುದಿಲ್ಲ, ತಾನೂ ಬಡಿಯುವುದಿಲ್ಲ. ಒಂದು ಟಣ್ ಆದ ಮೇಲೆ ಸೀದಾ ಮೂರು.

ಇನ್ನೊಂದು ಕಟ್ಟುನಿಟ್ಟು ಇತ್ತು. ಸುಮ್ಮನೆ ಬಡಿಯುವ ಹಾಗಿಲ್ಲ. ಕರೆದರೆ ಊಟ ಹಾಕಬೇಕು. ಚಿಕ್ಕವನಿದ್ದಾಗ ತಮಾಷೆಗೆ ಮೂರು ಬಡಿದೆ, ಲಾಯರು ಓಡಿ ಬಂತು. ದೊಡ್ಡಮ್ಮ ನನ್ನ ತಟ್ಟೆಯನ್ನೇ ಎತ್ತಿ ಅದರ ಮುಂದಿಟ್ಟಳು. "ಸುಳ್ಳು ಕರೆ ಕರೆದವನಿಗೆ ಇವತ್ತು ಉಪವಾಸ." ಅಷ್ಟೇ ಮಾತು. ಲಾಯರು ಕೊನೇ ಅಗುಳಿನ ತನಕ ನನ್ನ ಮುಖ ನೋಡಿಕೊಂಡೇ ತಿಂದಿತು.

ಈಗ ವಿಷಯಕ್ಕೆ ಬರುತ್ತೇನೆ. ಮರಿ ಕಾಣೆಯಾಯಿತು.

ತಪ್ಪು ನನ್ನದು. ಬೇಲಿಯ ಗೇಟಿನ ಅಗುಳಿ ಹಾಕದೆ ಕೆಲಸಕ್ಕೆ ಹೊರಟುಹೋಗಿದ್ದೆ. ಇದನ್ನು ನಾನು ಬೇರೆ ಯಾರ ಮುಂದೆಯೂ ಒಪ್ಪಿಕೊಂಡಿಲ್ಲ, ನೀವೂ ಹೇಳಬೇಡಿ. ಮೊದಲ ಸಂಜೆ ದೊಡ್ಡಮ್ಮ ಆರು ಬಡಿದಳು. ಬರಲಿಲ್ಲ. ಮತ್ತೆ ಆರು. ಕತ್ತಲಾಗುವ ತನಕ ಆರು, ಆರು, ಆರು. ಎರಡನೇ ಸಂಜೆಯೂ ಅದೇ. ಹಿರಿಯ ಹೋದ ಮೇಲೆ 'ಇನ್ನು ಈ ಮನೆಗೆ ನಾಯಿ ಬೇಡ' ಅಂದವಳು ಅವಳು. ನಾನೇ ಹಟ ಮಾಡಿ ತಂದಿದ್ದು. ಈಗ ಅವಳು ಊಟಕ್ಕೆ ಕೂತವಳು ತುತ್ತನ್ನು ಹಾಗೇ ಕೈಯಲ್ಲಿ ಹಿಡಿದು, ಕಿಟಕಿ ಕಡೆ ನೋಡುತ್ತ... ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ನನ್ನ ಬುತ್ತಿ ಡಬ್ಬಿ ಕೈಗಿಡುತ್ತ ಹೇಳಿದಳು. "ಇವತ್ತೊಂದು ಸಂಜೆ ಬಡೀತೀನಿ. ಬರದಿದ್ರೆ ನಾಳೆಯಿಂದ ಆರು ಇಲ್ಲ."

"ಇಲ್ಲ ಅಂದ್ರೆ?"

"ಎರಡು ಇಲ್ವಲ್ಲ, ಹಾಗೆ."

ಅಂದರೆ ಸತ್ತವರ ಪಟ್ಟಿಗೆ. ಮೈ ಉರಿಯಿತು. "ಹೆಣ ನೋಡದೆ ತಿಥಿ ಮಾಡ್ತೀಯಾ? ನಾನು ತರ್ತೀನಿ ಅದನ್ನ!" ಅಂದೆ.

"ಎಲ್ಲಿಂದ ತರ್ತೀಯೋ?"

"ಎಲ್ಲಿದ್ರೆ ಅಲ್ಲಿಂದ."

ಮಿಲ್ಲಿನಲ್ಲೂ ಅದೇ ಹಾಡು. ಮೇಸ್ತ್ರಿ ಹಲ್ಲಿಗೆ ಕಡ್ಡಿ ಹಾಕಿಕೊಂಡು, "ಬಿಡಯ್ಯಾ, ಚಿರತೆ ಬಾಯಿಗೆ ಹೋಗಿರುತ್ತೆ. ಕಾಡು ತಗೊಂಡಿದ್ದನ್ನ ವಾಪಸ್ ಕೊಡಲ್ಲ" ಅಂದರು.

"ಕೊಡದೆ ಇರೋಕೆ ಮರಿಯೇನು ಕಾಡಿನ ಅಪ್ಪಂದಾ?" ಅಂದೆ ನಾನು.

ಲಾರಿ ಡ್ರೈವರ್ ಬಿದ್ದು ಬಿದ್ದು ನಕ್ಕ. "ನೋಡ್ರಪ್ಪಾ, ಇವನು ಇವತ್ತು ಕಾಡಿಗೆ ನೋಟೀಸ್ ಕೊಡ್ತಾನೆ!"

"ಕೊಡ್ತೀನಿ. ನಾಳೆ ಬೆಳಿಗ್ಗೆ ಮರಿನ ಹೆಗಲ ಮೇಲೆ ಹೊತ್ಕೊಂಡು ಇಲ್ಲೇ ನಿಮ್ಮ ಮುಂದೆ ಹಾದುಹೋಗ್ತೀನಿ. ಕಣ್ಣು ಬಿಟ್ಕೊಂಡು ನೋಡು."

ಅವತ್ತೇ ನೋಡಿ, ತಡವಾಗಿ ಎರಡು ಲಾರಿ ಬಂದವು. ಕೊನೇ ದಿಮ್ಮಿ ಏರಿಸಿ ಬೆನ್ನು ನೆಟ್ಟಗೆ ಮಾಡುವಾಗ ರಾತ್ರಿ ಒಂಬತ್ತೂವರೆ. ದೊಡ್ಡಮ್ಮನ ಕೊನೇ ಆರು ಮುಗಿದು ಎಷ್ಟೋ ಹೊತ್ತಾಗಿರುತ್ತದೆ ಅಂತ ಗೊತ್ತು. ಹೆಗಲಿಗೆ ಹಗ್ಗ ಹಾಕಿಕೊಂಡೆ. ದಿಮ್ಮಿ ಎಳೆಯುವ ಹಗ್ಗವನ್ನು ನಾವೆಲ್ಲ ದಿನಾ ಮನೆಗೇ ಒಯ್ಯುತ್ತೇವೆ, ಮಿಲ್ಲಿನಲ್ಲಿ ಬಿಟ್ಟರೆ ಬೆಳಿಗ್ಗೆಗೆ ಅದಕ್ಕೆ ಕಾಲು ಬಂದಿರುತ್ತದೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಬುತ್ತಿ ಡಬ್ಬಿ. ಹೊರಟೆ.

ದಿನಾ ಬರುವ ದಾರಿ ಬಿಟ್ಟೆ. ಆ ದಾರಿಯನ್ನು ಮೂರು ದಿನದಲ್ಲಿ ಅಂಗುಲ ಅಂಗುಲ ಹುಡುಕಿದ್ದೆ. ಹಳೇ ಇಟ್ಟಿಗೆ ಗೂಡಿನ ಕಡೆಯಿಂದ ಹೋದೆ. ಅಲ್ಲಿ ಈಗ ಯಾರೂ ಇಲ್ಲ. ಕುಸಿದ ಗೂಡು, ಪೊದೆ, ಮತ್ತೆ ಇಟ್ಟಿಗೆ ಮಣ್ಣಿಗೆ ನೀರು ಸೇದಲು ತೋಡಿದ್ದ ಒಂದು ಬಾವಿ. ಕಟ್ಟೆ ಇಲ್ಲದ ಬಾವಿ. ಎಲ್ಲಿದೆ ಅಂತ ಹಗಲಿನಲ್ಲೇ ಕಾಣುವುದಿಲ್ಲ, ಬಾಯಿ ತುಂಬ ಬಳ್ಳಿ ಹಬ್ಬಿದೆ. ಹಾಗಾಗಿ ಯಾರೂ ಅತ್ತ ಕಾಲಿಡುವುದಿಲ್ಲ. ನಾನು ಇಟ್ಟೆ.

ಗಾಳಿ ಇರಲಿಲ್ಲ. ಜೀರುಂಡೆ ಮಾತ್ರ... ಜೀ ಅಂತ ಒಂದೇ ಸಮ. ಗೂಡಿನ ಹತ್ತಿರ ನಿಂತು, ಟಾರ್ಚು ಆರಿಸಿ ಕಂಕುಳಿಗೆ ಸಿಕ್ಕಿಸಿ, ಬುತ್ತಿ ಡಬ್ಬಿ ಎತ್ತಿ ಹಿಡಿದೆ. ಒಳಗಿದ್ದ ಚಮಚ ತೆಗೆದೆ. ಮರಿಗೆ ಕೂಗಿದರೆ ತಿಳಿಯುವುದಿಲ್ಲ, ನಮ್ಮ ಮನೆಯವರಿಗೆ ಲೆಕ್ಕವೇ ಭಾಷೆ. ಆರು ಬಡಿಯಬೇಕು.

ಟಣ್...

ಟಣ್...

ಮೂರನೆಯದಕ್ಕೆ ಕೈ ಬೀಸಿದೆ. ಬೆವರಿಗೋ ಏನೋ, ಚಮಚ ಕೈಯಿಂದ ಹಾರಿಹೋಯಿತು. ಎಲೆ ಮೇಲೆ ಬಿದ್ದ ಸದ್ದು, ಸರಕ್ ಅಂತ. ಬೈದುಕೊಂಡು ಬಗ್ಗಿ ಹುಡುಕಿದೆ. ಇಷ್ಟುದ್ದದ ಚಮಚ. ಸಿಗಲೇ ಇಲ್ಲ. ಹುಡುಕುತ್ತ ಹುಡುಕುತ್ತ ನನ್ನ ಕೈ ತಾನಾಗಿ ನಿಂತಿತು.

ಜೀರುಂಡೆ ನಿಂತಿತ್ತು.

ಆಗ ಹೊಳೆಯಿತು. ಕಾಡಿಗೆ ಕೇಳಿಸಿರುವುದು ಎರಡೇ ಟಣ್. ಎರಡು ಬಡಿದು ಸುಮ್ಮನಾಗಿದ್ದೇನೆ. ನಮ್ಮ ಮನೆಯ ಲೆಕ್ಕದಲ್ಲಿ ಅದು ಅರ್ಧ ಕರೆಯಲ್ಲ. ಅದು ಪೂರ್ತಿ ಕರೆ.

ಹಿಂದಿನಿಂದ ಸದ್ದು ಬಂತು.

ತಪ್, ತಪ್, ತಪ್... ಸರ್.

ತಪ್, ತಪ್, ತಪ್... ಸರ್.

ಮೂರು ಹೆಜ್ಜೆ ಊರುವುದು, ನಾಲ್ಕನೆಯದನ್ನು ಎಳೆಯುವುದು. ಒಣ ಎಲೆಯ ಮೇಲೆ ಉಗುರು ಎಳೆಯುವ ಸದ್ದು. ಕೊನೇ ಎರಡು ವರ್ಷ ಹಿರಿಯನ ಒಂದು ಹಿಂಗಾಲು ಸ್ವಾಧೀನ ತಪ್ಪಿತ್ತು. ಆ ಸದ್ದನ್ನು ಎರಡು ವರ್ಷ ದಿನಾ ರಾತ್ರಿ ಹಾಸಿಗೆಯಲ್ಲಿ ಮಲಗಿ ಕೇಳಿದವನು ನಾನು. ಬೇರೆ ನಾಯಿ ಅನ್ನಬೇಡಿ.

ಟಾರ್ಚಿನ ಬೆಳಕು ಬಿಟ್ಟೆ. ಏನೂ ಇಲ್ಲ. ಎಲೆ, ಇಟ್ಟಿಗೆ ಚೂರು, ನನ್ನದೇ ಹೆಜ್ಜೆ ಗುರುತು. ಸದ್ದೂ ಇಲ್ಲ. ಟಾರ್ಚು ಆರಿಸಿದೆ...

ತಪ್, ತಪ್, ತಪ್... ಸರ್.

ಈಗ ಹತ್ತಿರ.

ಹೆದರಿದೆಯಾ ಅಂತ ಕೇಳಬೇಡಿ. ಬೆನ್ನಿನ ಮೇಲೆ ತಣ್ಣನೆಯ ಬೆವರು ಇಳಿಯಿತು, ನಿಜ. ನೀವಾಗಿದ್ದರೆ ಚಡ್ಡಿಯೇ ಇಳಿದಿರುತ್ತಿತ್ತು. ಓಡಬೇಕು ಅನ್ನಿಸಿತು, ಓಡಲಿಲ್ಲ. ಓಡಿದರೆ ಎಲ್ಲಿಗೆ? ಮನೆಗೆ. ಬರಿಗೈಯಲ್ಲಿ. ನಾಳೆಯಿಂದ ಆರು ಇಲ್ಲ ಅನ್ನಿಸಿಕೊಳ್ಳಲು.

"ಹೋಗು," ಅಂದೆ. ನನ್ನ ದನಿ ನನಗೇ ಪಿಸುಮಾತಿನ ಹಾಗೆ ಕೇಳಿಸಿತು. "ನಿನ್ನನ್ನ ಕರೀಲಿಲ್ಲ. ಚಮಚ ಜಾರ್ತು."

ಕತ್ತಲು ಗುರುಗುಟ್ಟಿತು. ಗುರ್‍ರ್... ಗಂಟಲಿನ ಆಳದಿಂದ, ಬಾಯಿ ತೆರೆಯದೆ. ಬದುಕಿದ್ದಾಗಲೂ ನನ್ನ ಹತ್ತಿರ ಹಾಗೇ ಮಾತಾಡುತ್ತಿದ್ದವನು. ಹದಿನಾಲ್ಕು ವರ್ಷ ನನ್ನ ಒಂದು ಮಾತು ಕೇಳಿರಲಿಲ್ಲ ಆ ಮುದಿಯ.

ಅದನ್ನು ಕೇಳಿದ್ದೇ ನನಗೆ ಪಿತ್ತ ನೆತ್ತಿಗೇರಿತು. ಹೆದರಿಕೆ ಎಲ್ಲೋ ಹಾರಿಹೋಯಿತು.

"ಯಾರಿಗೋ ಗುರುಗುಡ್ತೀಯ? ನಿನ್ನ ಗುಂಡಿ ತೋಡಿದವನು ನಾನು ಕಣೋ! ಮೂರಡಿ ಆಳ. ಕಲ್ಲು ನೆಲ. ಎರಡೂ ಕೈ ಬೊಬ್ಬೆ ಎದ್ದು ವಾರ ಊಟ ಕಲಸೋಕಾಗ್ಲಿಲ್ಲ. ನನಗೇ ಗುರುಗುಡ್ತೀಯಾ?"

ಗುರುಗುಟ್ಟುವುದು ನಿಂತಿತು.

"ಬಂದಿದ್ದೀಯಲ್ಲ, ಬಿಟ್ಟಿ ಬಂದೆ ಅಂದ್ಕೋಬೇಡ. ನಮ್ಮನೇಲಿ ಪುಕ್ಕಟೆ ಊಟ ಇಲ್ಲ. ಮರಿ ಕಳೆದುಹೋಗಿದೆ. ನೀನು ಸತ್ತ ಮೇಲೆ ಬಂದಿದ್ದು, ನಿಂಗೆ ಗೊತ್ತಿಲ್ಲ. ದೊಡ್ಡಮ್ಮ ಮೂರು ದಿನದಿಂದ ನೆಟ್ಟಗೆ ಊಟ ಮಾಡಿಲ್ಲ. ಹುಡುಕು. ಹುಡುಕಿ ಕೊಟ್ಟು ಆಮೇಲೆ ಎಲ್ಲಿ ಬೇಕಾದ್ರೂ ಹೋಗು!"

ಸತ್ತ ನಾಯಿಗೆ ಕೆಲಸ ಹಚ್ಚಿದವನು ಈ ಸುತ್ತಿನಲ್ಲಿ ಇನ್ನೊಬ್ಬನಿದ್ದರೆ ತೋರಿಸಿ, ಅವನ ಕಾಲಿಗೆ ಬೀಳುತ್ತೇನೆ.

ಆಮೇಲೆ ಮೂಸುವ ಸದ್ದು. ಸ್ನ್... ಸ್ನ್... ಸ್ನ್... ನನ್ನ ಬಲಗಡೆಯಿಂದ ಹಾದು ಮುಂದೆ ಹೋಯಿತು. ತಪ್, ತಪ್, ತಪ್, ಸರ್. ಹಿಂದೆಯೇ ಹೊರಟೆ. ದಾರಿ ಕಾಣಲಿ ಅಂತ ಟಾರ್ಚು ಒತ್ತಿದೆ, ಸದ್ದು ಅಲ್ಲೇ ನಿಂತಿತು. ಆರಿಸಿದೆ, ಮತ್ತೆ ಹೊರಟಿತು. ಗೊತ್ತಾಯಿತು. ಬೆಳಕು ಬೇಕೋ, ನಾಯಿ ಬೇಕೋ, ಒಂದನ್ನು ಆರಿಸಿಕೊಳ್ಳಬೇಕು.

ಟಾರ್ಚು ಆರಿಸಿ, ಕೈಯಲ್ಲೇ ಹಿಡಿದು, ಕಣ್ಣಿಗೆ ಬಟ್ಟೆ ಕಟ್ಟಿದವನ ಹಾಗೆ ನಡೆದೆ. ಮುಳ್ಳು ಗೀರಿತು. ಕೊಂಬೆ ಮುಖಕ್ಕೆ ಹೊಡೆಯಿತು. ಮುಂದೆ ಸದ್ದು... ನಾನು... ಸದ್ದು... ನಾನು...

ಸದ್ದು ನಿಂತಿತು.

"ಏನಾಯ್ತು? ನಡಿ," ಅಂದೆ.

ಇಲ್ಲ.

ನಾನು ಕೇಳುವವನೇ? ಒಂದು ಹೆಜ್ಜೆ ಮುಂದಿಟ್ಟೆ.

ಎಡಗಾಲಿನ ಮೀನಖಂಡಕ್ಕೆ ಕಚಕ್ ಅಂತ ಬಾಯಿ ಹಾಕಿತು. ಹಾಕಿ, ಹಿಂದಕ್ಕೆ ಎಳೆಯಿತು. ನನ್ನನ್ನು, ಎಂಟಡಿ ದಿಮ್ಮಿ ಎತ್ತುವವನನ್ನು, ಗೋಣಿಚೀಲ ಎಳೆದ ಹಾಗೆ ಎಳೆಯಿತು. ಕುಂಡೆ ಊರಿ ಬಿದ್ದೆ. ಟಾರ್ಚು ಕೈಜಾರಿ ಮುಂದಕ್ಕೆ ಉರುಳಿತು. ಕಲ್ಲಿಗೆ ತಾಗಿ ಟಕ್ ಅಂದು ಹೊತ್ತಿಕೊಂಡಿತು. ಆಮೇಲೆ ಕಾಣೆಯಾಯಿತು. ಸದ್ದೇ ಇಲ್ಲ. ಒಂದು... ಎರಡು...

ಡುಬುಕ್.

ನನ್ನ ಕಾಲಿನ ಹೆಬ್ಬೆರಳಿಗೂ ಬಾವಿಯ ಬಾಯಿಗೂ ನಡುವೆ ಒಂದು ಗೇಣು ಇತ್ತು.

ಮಿಲ್ಲಿನ ಟಾರ್ಚು ನೀರಿಗೆಲ್ಲ ಜಗ್ಗುವುದಲ್ಲ. ಕೆಳಗೆ ನೀರಿನೊಳಗೆ ಉರಿಯುತ್ತಲೇ ಇತ್ತು. ಬಳ್ಳಿ ಸರಿಸಿ ಬಗ್ಗಿ ನೋಡಿದೆ. ಬಾವಿಯೆಲ್ಲ ಹಸಿರು ಬೆಳಕು. ತಳದಲ್ಲಿ ಮೊಣಕಾಲುದ್ದ ನೀರು, ಒಂದು ಮೂಲೆಯಲ್ಲಿ ಕುಸಿದ ಇಟ್ಟಿಗೆಯ ಗುಪ್ಪೆ, ಗುಪ್ಪೆಯ ಮೇಲೆ ಮರಿ. ಬಾಯಿ ತೆರೆಯುತ್ತಿತ್ತು, ಬೊಗಳು ಬರುತ್ತಿರಲಿಲ್ಲ. ಮೂರು ದಿನ ಕೂಗಿ ಕೂಗಿ ಗಂಟಲು ಬತ್ತಿಹೋಗಿತ್ತು. ದೊಡ್ಡಮ್ಮನ ಒಂದೊಂದು ಆರೂ ಅದಕ್ಕೆ ಕೇಳಿಸಿರಬೇಕು. ಉತ್ತರ ಕೊಡಲು ಆಗಿರಲಿಲ್ಲ, ಅಷ್ಟೇ.

ಹಗ್ಗವನ್ನು ಮರದ ಬುಡಕ್ಕೆ ಸುತ್ತಿ ಬಿಗಿದೆ. ನಾನು ಹಾಕಿದ ಗಂಟು ಬಿಚ್ಚಿದ ಚರಿತ್ರೆಯಿಲ್ಲ. ಇಳಿದೆ. ಮರಿಯನ್ನು ಎತ್ತಿ ಅಂಗಿಯೊಳಗೆ ಹಾಕಿಕೊಂಡೆ. ಗಡಗಡ ನಡುಗುತ್ತಿತ್ತು, ಆದರೂ ನನ್ನ ಗಲ್ಲ ನೆಕ್ಕಿತು. ಟಾರ್ಚು ಎತ್ತಿಕೊಳ್ಳಲು ಬಗ್ಗಿದಾಗ ಮೇಲಿನಿಂದ ಸದ್ದು. ಹಹ್, ಹಹ್, ಹಹ್... ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುವ ಸದ್ದು. ಬಾವಿಯ ಬಾಯಿಯಲ್ಲಿ ನಿಂತು ಕೆಳಗೆ ನೋಡುವವರ ಹಾಗೆ. ನನಗೆ ಯಾರೂ ಕಾಣಲಿಲ್ಲ. ಮರಿ ಕಿವಿ ನಿಮಿರಿಸಿ ಮೇಲೆ ನೋಡಿತು. ಅಂಗಿಯೊಳಗೆ ಅದರ ಬಾಲ ನನ್ನ ಹೊಟ್ಟೆಗೆ ಪಟಪಟ ಬಡಿಯಿತು.

ಹತ್ತಿ ಬಂದಾಗ ಮೇಲೆ ಯಾರೂ ಇರಲಿಲ್ಲ. ಮನೆಯ ತನಕ ಟಾರ್ಚು ಹೊತ್ತಿಸಿಕೊಂಡೇ ನಡೆದೆ. ನಾಚಿಕೆಯೇನಿಲ್ಲ, ಮರಿ ಕೈಯಲ್ಲಿತ್ತು. ಗೇಟಿನ ಹತ್ತಿರ ಒಂದೇ ಸಲ ಆರಿಸಿದೆ. ಹಿಂದೆ, ಹತ್ತಡಿ ದೂರದಲ್ಲಿ, ಸರ್... ಅಷ್ಟೇ.

ದೊಡ್ಡಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು. ದೀಪ ಇಟ್ಟುಕೊಂಡಿರಲಿಲ್ಲ. ಮರಿಯನ್ನು ಕೊಟ್ಟೆ. ಸೆರಗಿನಲ್ಲಿ ಸುತ್ತಿಕೊಂಡು ಎದೆಗೆ ಒತ್ತಿಕೊಂಡಳು. ಅಳಲಿಲ್ಲ. ಮರಿಯ ತಲೆಯ ಮೇಲಿಂದ ನನ್ನ ಹಿಂದೆ ನೋಡಿದಳು.

"ಎರಡು ಬಡಿದೆಯಲ್ಲ ನೀನು," ಅಂದಳು, ಪಿಸುದನಿಯಲ್ಲಿ.

"ಇಲ್ಲಿ ತನಕ ಕೇಳಿಸ್ತಾ?"

"ಕೇಳಿಸ್ತು."

"ಚಮಚ ಜಾರ್ತು ದೊಡ್ಡಮ್ಮ. ಬೇಕು ಅಂತ ಬಡೀಲಿಲ್ಲ."

"ಹೆಂಗಾದ್ರೂ ಆಗ್ಲಿ. ಕರೆದ ಮೇಲೆ ಹಾಕ್ಬೇಕು."

ಆಗ ನೋಡಿದೆ. ಮೆಟ್ಟಿಲ ಕೆಳಗೆ ತಟ್ಟೆ ಇತ್ತು. ಎಲುಬಿನ ಸಾರು ಕಲಸಿದ ಊಟ, ಇನ್ನೂ ಹಬೆಯಾಡುತ್ತಿತ್ತು. ಮನೆಯಲ್ಲಿ ಅವತ್ತು ಎಲುಬಿನ ಸಾರು ಇದ್ದಿದ್ದು ಒಬ್ಬರಿಗೆ ಆಗುವಷ್ಟು. ನನಗೆ ಅಂತ ಎತ್ತಿಟ್ಟಿದ್ದು. ಕೇಳಿದೆ, "ಹಾಗಾದ್ರೆ ನಂಗೆ?"

"ಸುಳ್ಳು ಕರೆ ಕರೆದವನಿಗೆ ಏನು ಅಂತ ಗೊತ್ತಲ್ಲ," ಅಂದಳು. ಮೂರು ದಿನದ ಮೇಲೆ ಮೊದಲ ಸಲ ಅವಳ ದನಿಯಲ್ಲಿ ನಗು ಇತ್ತು. ನಾನು ಉಪವಾಸ ಮಲಗಿದೆ. ಅವಳೂ ಮರಿಯೂ ಒಂದೇ ತಟ್ಟೆಯಲ್ಲಿ ಗಂಜಿ ಕುಡಿದರು.

ಬೆಳಿಗ್ಗೆ ಮೆಟ್ಟಿಲ ಕೆಳಗಿನ ತಟ್ಟೆ ಖಾಲಿ. ಬೆಕ್ಕು ತಿಂದಿರಬಹುದು ಅನ್ನಿ. ಅನ್ನಿ, ಪರವಾಗಿಲ್ಲ. ಅದಕ್ಕೆ ನನ್ನ ತಕರಾರಿಲ್ಲ. ಕತ್ತಲಲ್ಲಿ ಕೇಳಿದ್ದು ಭ್ರಮೆ ಅನ್ನಿ, ಅದನ್ನೂ ಸಹಿಸಿಕೊಳ್ಳುತ್ತೇನೆ. ಮರಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಮಿಲ್ಲಿನ ಮುಂದೆ ಹಾದುಹೋದೆ. ಡ್ರೈವರ್ ಬಾಯಿ ತೆರೆದವನು ಮುಚ್ಚಲಿಲ್ಲ. ಮೇಸ್ತ್ರಿ ಹಲ್ಲಿನ ಕಡ್ಡಿ ಕೆಳಗೆ ಬಿತ್ತು. ಆದರೆ ನಾನು ಅಲ್ಲಿ ನಿಲ್ಲಲಿಲ್ಲ, ಕುಂಟುತ್ತಿದ್ದೆ. ದೊಡ್ಡಮ್ಮ ಜೊತೆಗಿದ್ದಳು. ನಾವು ಹೊರಟಿದ್ದು ಆಸ್ಪತ್ರೆಗೆ.

ನರ್ಸಮ್ಮ ಪ್ಯಾಂಟು ಮೇಲೆ ಮಡಚಿ ನೋಡಿದರು. "ನಾಯಿ ಕಚ್ಚಿದೆ," ಅಂದರು. ನಾನು ಹೇಳಿದ್ದಲ್ಲ, ಅವರು ಹೇಳಿದ್ದು.

"ಈ ಮರಿನಾ?"

"ಇದಲ್ಲ. ಆಗ ಇದು ಬಾವೀಲಿತ್ತು."

ಅವರು ದೀಪ ಹತ್ತಿರ ಎಳೆದುಕೊಂಡು ಗಾಯ ತೊಳೆದರು. "ಹೌದು, ಮರೀದಲ್ಲ. ದೊಡ್ಡ ಬಾಯಿ. ಮುದಿ ನಾಯಿ. ಮೂರು ಕೋರೆ ನೆಟ್ಟಿದೆ, ನಾಲ್ಕನೇದು ಸವೆದುಹೋಗಿದೆ, ನೋಡಿ, ಒತ್ತಿದ ಗುರುತು ಮಾತ್ರ. ಬೀದಿ ನಾಯಿನಾ?"

"ನಮ್ಮನೇದೇ."

"ಸೂಜಿ ಹಾಕ್ಸಿದ್ರಾ ಅದಕ್ಕೆ?"

"ವರ್ಷ ವರ್ಷ ಹಾಕ್ಸಿದೀವಿ."

"ಒಳ್ಳೇದಾಯ್ತು. ಹತ್ತು ದಿನ ಕಟ್ಟಿಹಾಕಿ ನೋಡ್ಕೊಳ್ಳಿ. ಸಾಯುತ್ತಾ ಅಂತ."

"ಸತ್ತಿದೆ."

ಪೆನ್ನು ನಿಂತಿತು. "ಯಾವಾಗ?"

"ನಾಲ್ಕು ವರ್ಷ ಆಯ್ತು."

"ಅಪ್ಪಾ, ನಾನು ಕೇಳಿದ್ದು ನಾಯಿ ಸತ್ತಿದ್ದು."

"ನಾನೂ ಅದನ್ನೇ ಹೇಳಿದ್ದು. ಕಚ್ಚಿದ್ದು ನಿನ್ನೆ ರಾತ್ರಿ."

ನರ್ಸಮ್ಮ ದೊಡ್ಡಮ್ಮನ ಮುಖ ನೋಡಿದರು. ದೊಡ್ಡಮ್ಮ ಮರಿಯ ಕಿವಿ ಸವರುತ್ತ, "ಹೌದಮ್ಮ. ಅವನು ಸುಳ್ಳು ಹೇಳಲ್ಲ. ಬಡಾಯಿ ಕೊಚ್ತಾನೆ, ಸುಳ್ಳು ಹೇಳಲ್ಲ" ಅಂದಳು.

ಗಾಯ ಕಣ್ಣೆದುರಿಗೇ ಇತ್ತು. ಅವರಾದರೂ ಏನು ಮಾಡುತ್ತಾರೆ? ಬರೆದರು.

ನನಗೆ ಕೊನೆಗೆ ಸಿಕ್ಕಿದ್ದು ಇಷ್ಟು. ನಾಲ್ಕು ದಿನಕ್ಕೆ ಹಂಚಿ, ಎರಡೂ ರಟ್ಟೆಗೆ ಸೇರಿ ಎಂಟು ಚುಚ್ಚು. ಮತ್ತೆ ಒಂದು ಹಳದಿ ಕಾರ್ಡು. ಅದರಲ್ಲಿ ಆಸ್ಪತ್ರೆಯ ಸೀಲಿನ ಮೇಲೆ, ನರ್ಸಮ್ಮನ ಕೈಬರಹದಲ್ಲಿ, ಹೀಗೆ ಇದೆ. ಕಚ್ಚಿದ ಪ್ರಾಣಿ: ನಾಯಿ. ಯಾರದು: ಸ್ವಂತ ಮನೆಯದು. ಪ್ರಾಣಿಯ ಈಗಿನ ಸ್ಥಿತಿ: ನಾಲ್ಕು ವರ್ಷದ ಹಿಂದೆ ಸತ್ತಿದೆ.